ಎರಡು ಚುಕ್ಕಿಯ ಬಿಸಿ

ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೆ ಒಂದು ಜಾಗವಿದೆ. ಅಡಿಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ, ಹಳೆಯ ರಗ್ಗಿನ ಮಡಿಕೆಯ ಮೇಲೆ. ಅಳವಂಡಿಯ ಮಣ್ಣು ಎರೆಮಣ್ಣು. ಬೇಸಿಗೆಯಲ್ಲಿ ಧೂಳಾಗಿ, ಮಳೆಗಾಲದಲ್ಲಿ ಕೆಸರಾಗಿ ಬಟ್ಟೆಗೆ ಹತ್ತಿತೆಂದರೆ ಬಿಡುವ ಮಾತಿಲ್ಲ. ಅಂಥ ಊರಿನಲ್ಲಿದ್ದುಕೊಂಡು ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ದಿನವೂ ಇಸ್ತ್ರಿಯಿಲ್ಲದ ಸೀರೆ ಉಟ್ಟು ಶಾಲೆಗೆ ಹೋದವಳಲ್ಲ ನಾನು. 'ಅಕ್ಕೋರ ನೆರಿಗಿ ನೋಡ್ರಲೇ, ಸ್ಕೇಲ್ ಇಟ್ಟು ಗೆರಿ ಎಳದಂಗ ಅದಾವು' ಎಂದು ಹಿಂದಿನ ಬೆಂಚಿನ ಹುಡುಗರು ಆಡಿಕೊಂಡದ್ದು ಕಿವಿಗೆ ಬಿದ್ದಾಗ ಸಿಟ್ಟು ಬರುವ ಬದಲು ಹೆಮ್ಮೆಯೇ ಆಗಿತ್ತು. ಹೀಗಾಗಿ ಇಸ್ತ್ರಿಯ ವಿಷಯದಲ್ಲಿ ನನಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲವೆಂಬ ಒಂದು ಜಂಬ ನನಗಿತ್ತು. ಅದು ಇಳಿದದ್ದು ೨೦೨೩ರ ಮಾರ್ಚಿನಲ್ಲಿ.

ಒಂದು ಬೆಳಿಗ್ಗೆ ನೋಡುತ್ತೇನೆ, ಗೂಡು ಖಾಲಿ. ಶಾಲೆಗೆ ಹೊತ್ತಾಗುತ್ತಿದೆ. ಹುಡುಕಿಕೊಂಡು ಹೋದರೆ ಇಸ್ತ್ರಿಪೆಟ್ಟಿಗೆ ಮಗನ ಕೋಣೆಯಲ್ಲಿತ್ತು. ಅದರ ತಳಕ್ಕೆ ಅವರಪ್ಪನ ಬಿಳಿ ಕಾಲುಚೀಲವನ್ನು ಕಾಲಿಗೆ ತೊಡಿಸಿದಂತೆ ತೊಡಿಸಿ, ಮೇಲೆ ದಾರ ಸುತ್ತಿ ಬಿಗಿದಿದ್ದ. ನೀವೇ ಹೇಳಿ, ಎಂಟೂವರೆ ಗಂಟೆಗೆ ಇಸ್ತ್ರಿಪೆಟ್ಟಿಗೆಯನ್ನು ಕಾಲುಚೀಲದೊಳಗೆ ಕಂಡ ಹೆಂಗಸಿಗೆ ಹೇಗಾಗಬೇಡ? ಆದರೆ ನಾನು ಬೈಯಲಿಲ್ಲ. ಬೈಯುವುದಕ್ಕೂ ಒಂದು ಸಲುಗೆ ಬೇಕಾಗುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅದು ಉಳಿದಿರಲಿಲ್ಲ.

ಮಗ ಬೆಂಗಳೂರಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದ. ಆ ಫೆಬ್ರವರಿಯಲ್ಲಿ ನಾಲ್ಕು ವಿಷಯಗಳಲ್ಲಿ ನಪಾಸಾಗಿ, ಒಂದು ಟ್ರಂಕು ಮತ್ತು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದಿಗೆ ಊರಿಗೆ ಬಂದುಬಿಟ್ಟ. ಟ್ರಂಕನ್ನು ಮಂಚದ ಕೆಳಗೆ ತಳ್ಳಿದವನು ಮತ್ತೆ ತೆರೆಯಲಿಲ್ಲ. ಊಟದ ತಟ್ಟೆ ಕೋಣೆಗೇ ಹೋಗತೊಡಗಿತು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ನಮ್ಮವರು ಮಗನೊಂದಿಗೆ ಮಾತು ಬಿಟ್ಟರು. 'ಬೆಳತನಕ ದೀಪಾ ಉರಸಬ್ಯಾಡಂತ ಅವಂಗ ಹೇಳು' ಎಂದು ಅವರು ನನಗೆ ಹೇಳುವುದು, 'ಆತಂತ ಹೇಳು' ಎಂದು ಇವನು ನನಗೆ ಹೇಳುವುದು. ನಾನು ನಡುವೆ ಟಪಾಲು ಒಯ್ಯುವವಳು. ಶಾಲೆಯಲ್ಲಿ ಎಷ್ಟು ಜನ ತಂದೆತಾಯಿಯರನ್ನು ಕೂಡಿಸಿಕೊಂಡು 'ಹುಡುಗನ ಕೂಡ ಮಾತಾಡ್ರಿ, ಹೊಡೀಬ್ಯಾಡ್ರಿ' ಎಂದು ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯಲ್ಲಿ ಮಾತ್ರ ಆರಂಭಿಸಲು ಒಂದು ವಾಕ್ಯ ಸಿಗಲಿಲ್ಲ.

ಆ ಬೆಳಿಗ್ಗೆ ವಾಕ್ಯ ತಾನಾಗಿ ಸಿಕ್ಕಿತು. 'ಇಸ್ತ್ರಿಗ್ಯಾಕ ಕಾಲುಚೀಲ?' ಎಂದು ಕೇಳಿದೆ.

'ಗೆರಿ ಬೀಳಬಾರ್ದಂತ' ಎಂದ. ಒಂದು ಗಳಿಗೆ ಬಿಟ್ಟು, 'ನಿನ್ನ ಇಸ್ತ್ರಿ ಚೊಲೋ ಐತಿ. ತಳದಾಗ ಹಬೆ ತೂತು ಇಲ್ಲ. ತೂತಿದ್ರ ಅದರ ಗುರುತು ಮೂಡತಾವು' ಎಂದ. ಬಂದ ಮೇಲೆ ಅವನಾಡಿದ ಉದ್ದನೆಯ ಮಾತೆಂದರೆ ಅದೇ.

ಚಾಪೆಯ ಮೇಲೆ ಅಸ್ಥಿಪಂಜರದಂಥದೊಂದು ಮಲಗಿತ್ತು. ಐದು ಅಡಿ ಅಗಲದ ರೆಕ್ಕೆಯ ಹಂದರ; ಮೀನಿನ ಮುಳ್ಳುಗಳಂತೆ ಸಾಲಾಗಿ ನಿಂತ ತೆಳುವಾದ ಪಕ್ಕೆಲುಬುಗಳು. ಎತ್ತಿದರೆ ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಬಾಲ್ಸಾ ಎಂಬ ಮರವಂತೆ, ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುತ್ತದಂತೆ. ರೇಡಿಯೋ ಅಲೆಯಿಂದ ನಡೆಸುವ ಮಾದರಿ ವಿಮಾನ. ಕಾಲೇಜಿನಲ್ಲಿ ಇದರ ಗೀಳು ಹತ್ತಿತ್ತೆಂಬುದು ನಮಗೆ ಗೊತ್ತಿತ್ತು. ಇದರಿಂದಲೇ ಓದು ಕೆಟ್ಟಿತೆಂಬುದು ನಮ್ಮವರ ತೀರ್ಮಾನ. ನಪಾಸಾದ ವಿಷಯಗಳಲ್ಲಿ ಒಂದು ಗಾಳಿ ನೀರುಗಳ ಹರಿವಿನ ಲೆಕ್ಕವೇ ಆಗಿದ್ದರಿಂದ ಆ ತೀರ್ಮಾನಕ್ಕೆ ಉತ್ತರ ಕೊಡುವುದೂ ಕಷ್ಟವಾಗಿತ್ತು.

ಹಂದರ ಸಿದ್ಧವಾದ ಮೇಲೆ ಅದಕ್ಕೆ ಚರ್ಮ ಬೇಕಲ್ಲ. ಸಂಜೆ ಶಾಲೆಯಿಂದ ಬಂದವಳು ಚಹ ಹಿಡಿದುಕೊಂಡು ಅವನ ಕೋಣೆಯ ಹೊಸ್ತಿಲ ಮೇಲೆ ಕೂತೆ. 'ಗಾಳಿಪಟದ ಹಾಳಿ ಅಂಟಿಸಿದ್ರ ಆಗಂಗಿಲ್ಲೇನು?' ಎಂದೆ. ಹಿಂದೆ ಹಾಗೆಯೇ ಮಾಡುತ್ತಿದ್ದರಂತೆ. ತೆಳುವಾದ ಟಿಶ್ಯೂ ಹಾಳೆಯನ್ನೋ ರೇಷ್ಮೆಯನ್ನೋ ಅಂಟಿಸಿ, ಮೇಲೆ ಡೋಪ್ ಎಂಬ ಘಾಟು ವಾಸನೆಯ ವಾರ್ನಿಷನ್ನು ಬಳಿಯುವುದು. ಅದು ಒಣಗುತ್ತ ಬಟ್ಟೆಯನ್ನು ಬಿಗಿಯುತ್ತದೆ. ದೊಡ್ಡ ವಿಮಾನಗಳೂ ಮೊದಲು ಬಟ್ಟೆಯವೇ. ೧೯೦೩ರ ಡಿಸೆಂಬರಿನಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೆ ಹೊದಿಸಿದ್ದು ಅಂಗಡಿಯಲ್ಲಿ ಸಿಗುವ ಹತ್ತಿಯ ಮಸ್ಲಿನ್. ಅದನ್ನು ಹೊಲಿಗೆ ಯಂತ್ರದಲ್ಲಿ ಹೊಲಿದವರು ಅವರೇ. ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗಿ ೧೯೫೮ರಲ್ಲಿ ಮೊದಲು ಹಾರಿದ, ಆಮೇಲೆ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನಕ್ಕೆ ಹಾರಾಟ ಕಲಿಸಿದ ಪುಷ್ಪಕ್ ವಿಮಾನಕ್ಕೂ ಬಟ್ಟೆಯ ಹೊದಿಕೆಯೇ ಇತ್ತು. ಇದನ್ನೆಲ್ಲ ಅವನು ಹೇಳುತ್ತಿದ್ದರೆ, ಇಷ್ಟು ವರ್ಷ ಸಮಾಜ ಪಾಠದಲ್ಲಿ ರೈಟ್ ಸಹೋದರರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆನಲ್ಲ ಎನ್ನಿಸಿತು.

ಈಗಿನದು ಫಿಲ್ಮ್. ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ಬಿಸಿ ತಾಗಿದರೆ ಮಾತ್ರ ಅಂಟುವ ಅಂಟು ಇರುವ ಪಾಲಿಯೆಸ್ಟರ್ ಹಾಳೆ. ತಯಾರಿಸುವಾಗಲೇ ಅದನ್ನು ಉದ್ದಕ್ಕೂ ಅಗಲಕ್ಕೂ ಹಿಡಿದೆಳೆದು ತಣಿಸಿರುತ್ತಾರೆ. ಮತ್ತೆ ಬಿಸಿ ತಾಗಿತೆಂದರೆ ಎಳೆದದ್ದೆಲ್ಲ ಹಿಂದಕ್ಕೆ ಹೋಗಲು ನೋಡುತ್ತದೆ. ಹಂದರ ಬಿಡುವುದಿಲ್ಲ, ಹಾಳೆ ಬಿಗಿಯುತ್ತದೆ. ಮೋನೋಕೋಟ್ ಎಂಬ ಅಮೆರಿಕದ ಹೆಸರು ಹಳೆಯದು. ಜರ್ಮನಿಯ ಒರಾಕವರ್ ಅವನ ಗೆಳೆಯರಲ್ಲಿ ಮೇಲ್ಜಾತಿಯದು. ಅದು ಚದರ ಮೀಟರಿಗೆ ಅರವತ್ತು ಗ್ರಾಮಿನ ಮೇಲೆ ಚೂರು ತೂಗುತ್ತದೆ. ನಾನು ಇಷ್ಟಕ್ಕೇ ಸುಮ್ಮನಿರದೆ, 'ಕೊಪ್ಪಳದ ಜೆರಾಕ್ಸ್ ಅಂಗಡ್ಯಾಗ ಮಾರ್ಕ್ಸ್ ಕಾರ್ಡಿಗೆ ಹಾಕ್ತಾರಲ್ಲ ಲ್ಯಾಮಿನೇಶನ್, ಅದೂ ಬಿಸಿಗೇ ಅಂಟೋದಲ್ಲೇನು?' ಎಂದುಬಿಟ್ಟೆ. ಮಾರ್ಕ್ಸ್ ಕಾರ್ಡಿನ ಮಾತು ಬಾಯಿಂದ ಬಿದ್ದ ಮೇಲೆ ನಾಲಗೆ ಕಚ್ಚಿಕೊಂಡೆ. ಅವನು ಮಾತ್ರ ತಲೆಯೆತ್ತಿ ನನ್ನನ್ನು ಬೆರಗಿನಿಂದ ನೋಡಿದ. ಬಡ ಹವ್ಯಾಸಿಗಳು ನಿಜಕ್ಕೂ ಅದನ್ನೇ ಬಳಸುತ್ತಾರಂತೆ! ಸುರುಳಿಯಲ್ಲಿ ಬರುವ ತೆಳು ಲ್ಯಾಮಿನೇಶನ್ ಆಗಬೇಕು, ಅದೂ ಬಿಸಿಗೆ ಬಿಗಿಯುತ್ತದೆ. ಲಕೋಟೆಯಂತೆ ಬರುವ ದಪ್ಪನೆಯದು ಭಾರ. ಆದರೆ ಅದಕ್ಕೆ ಬಣ್ಣವಿಲ್ಲ. ಆಕಾಶದಲ್ಲಿ ಹಾರುವ ಬಣ್ಣವಿಲ್ಲದ ವಿಮಾನ ಕಣ್ಣಿಗೆ ಸಿಗುವುದಿಲ್ಲ.

ಬಣ್ಣದ ಆಯ್ಕೆ ಎಂದರೆ ನಮ್ಮಂಥವರಿಗೆ ಸೀರೆ ಅಂಗಡಿಯೇ ನೆನಪಾಗುತ್ತದೆ. ಇಲ್ಲಿ ಚೆಂದಕ್ಕಿಂತ ಬೇರೆಯೇ ಲೆಕ್ಕ. ದೂರ ಹೋದ ಮೇಲೆ ವಿಮಾನ ಮಗುಚಿದೆಯೋ ನೆಟ್ಟಗಿದೆಯೋ ತಿಳಿಯುವುದು ಬಣ್ಣದಿಂದ. ಬೆನ್ನಿಗೊಂದು, ಹೊಟ್ಟೆಗೆ ಪೂರಾ ಬೇರೊಂದು ಬೇಕು. ಬೆನ್ನಿಗೆ ಹಳದಿ ಎಂದು ಅವನು ನಿಶ್ಚಯಿಸಿದ್ದ. ಹೊಟ್ಟೆಯನ್ನು ನನಗೆ ಬಿಟ್ಟ. ನಾನು ಪೆಟ್ಟಿಗೆಯಿಂದ ನಮ್ಮವ್ವನ ಇಳಕಲ್ ಸೀರೆ ತೆಗೆದು ಅದರ ಟೋಪ್ ಸೆರಗು ತೋರಿಸಿದೆ. ಕಡುಗೆಂಪು, ನಡುವೆ ಎರಡು ಬಿಳಿ ಪಟ್ಟಿ. 'ಹಿಂಗ ಮಾಡು. ಎಷ್ಟು ದೂರದಿಂದ ಬಂದ್ರೂ ನಮ್ಮೂರಿನ ಹೆಣ್ಮಗಳಂತ ಗೊತ್ತಾಗ್ತೈತಿ' ಎಂದೆ. ಅವನು ಸೆರಗನ್ನು ಹಿಡಿದು ಬಹಳ ಹೊತ್ತು ನೋಡಿದ. ಕೆಂಪಿನ ಮೇಲೆ ಬಿಳಿ ಅಂಟಿಸಿದರೆ ಕೆಳಗಿನ ಕೆಂಪು ಇಣುಕಿ ಬಿಳಿಯೆಲ್ಲ ಗುಲಾಬಿಯಾಗುತ್ತದೆ. ಹಾಗಾಗಿ ಪಟ್ಟಿಗಳನ್ನು ಒಂದರ ಪಕ್ಕ ಒಂದು ಕೂಡಿಸಿ, ಕೂಡುವಲ್ಲಿ ಮಾತ್ರ ಜೋಳದ ಕಾಳಿನಷ್ಟು ಅಗಲ ಒಂದರ ಮೇಲೊಂದು ಬರುವಂತೆ ಮಾಡಬೇಕು. ಯಾವಾಗಲೂ ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ.

ಫಿಲ್ಮು ಟಪಾಲಿನಲ್ಲಿ ಬಂತು. ದುಡ್ಡು ನನ್ನ ಪಗಾರದ್ದು. ಬೆಲೆ ಕೇಳಿ ನಮ್ಮವರು ನನಗೇ ಹೇಳಿದರು, 'ರೆಕ್ಕಿಗೊಂದು ಸೀರಿ ಆತು.' ಬೆಲೆಯ ಮಟ್ಟಿಗೆ ಅದು ತಪ್ಪಾಗಿರಲಿಲ್ಲ.

ಹೊದಿಸುವ ಮೊದಲು ಮರವನ್ನು ನುಣುಪಾಗಿ ಉಜ್ಜಬೇಕು. ಒಂದು ಮರಳಿನ ಕಣ ಉಳಿದರೂ ಫಿಲ್ಮಿನಡಿ ಗುಳ್ಳೆಯಂತೆ ಕಾಣುತ್ತದೆ. ಮರದಲ್ಲಿ ಒಂದೆರಡು ಕಡೆ ಗುಂಡಿಗಳಿದ್ದವು. ನಮ್ಮ ತಾಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳನ್ನು ಮಾಡುತ್ತಾರಲ್ಲ, ಅವರಲ್ಲಿಗೆ ಮಕ್ಕಳನ್ನು ಎರಡು ಮೂರು ಸಲ ಕರೆದೊಯ್ದಿದ್ದೇನೆ. ಅವರು ಹುಣಸೆಬೀಜದ ಅಂಟಿಗೆ ಮರದ ಹೊಟ್ಟು, ಪುಡಿ ಮಾಡಿದ ಗೋಣಿನಾರು ಕಲಸಿ ಕಿಟ್ಟ ಎಂದು ಮಾಡಿ ಗೊಂಬೆಯ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. 'ಕಿನ್ನಾಳದ ಕಿಟ್ಟ ತಂದು ಮೆತ್ತೋಣೇನು?' ಎಂದು ಕೇಳಿದೆ. 'ಗರುಡ ಹಾರಬೇಕಾಗಿಲ್ಲಬೇ, ಇದು ಹಾರಬೇಕು' ಎಂದ.

ಇನ್ನು ಇಸ್ತ್ರಿಯ ಪಾಠ. ನಿಮ್ಮ ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ನೋಡಿ. ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ ಇರುತ್ತವೆ. ನೈಲಾನಿಗೆ, ರೇಷ್ಮೆಗೆ, ಹತ್ತಿಗೆ ಎಂದು ನಾವು ತಿಳಿದುಕೊಂಡಿದ್ದೇವೆ. ಅವು ಸುಮಾರಾಗಿ ೧೧೦, ೧೫೦, ೨೦೦ ಡಿಗ್ರಿ ಸೆಲ್ಸಿಯಸ್. ಅವನಿಗೆ ಅವುಗಳ ಅರ್ಥವೇ ಬೇರೆ. ಒಂದು ಚುಕ್ಕಿಯಲ್ಲಿ ಫಿಲ್ಮು ಅಂಟುತ್ತದೆ, ಬಿಗಿಯುವುದಿಲ್ಲ. ಎರಡು ಚುಕ್ಕಿಯಲ್ಲಿ ಬಿಗಿಯುತ್ತದೆ. ಮೂರಕ್ಕೆ ಹೋಗಕೂಡದು. ಮೊದಲು ರೆಕ್ಕೆಯ ಹೊಟ್ಟೆ, ಆಮೇಲೆ ಬೆನ್ನು. ಸುತ್ತ ಎರಡು ಬೆರಳು ಹೆಚ್ಚು ಬಿಟ್ಟು ಹಾಳೆ ಕತ್ತರಿಸಬೇಕು. ಹಿಂದಿನ ಬಿಳಿ ಪದರ ಬಿಡಿಸುವುದು ಎರಡು ಉಗುರಿನ ತಾಳ್ಮೆಯ ಕೆಲಸ. ಬುಡದಲ್ಲಿ ಒಂದು ಕಡೆ ಒಂದು ಚುಕ್ಕಿಯ ಬಿಸಿಯಿಂದ ಹಿಡಿಸಿ, ತುದಿಗೆ ಎಳೆದು ಅಲ್ಲೊಂದು ಕಡೆ ಹಿಡಿಸಿ, ಮುಂದಂಚು ಹಿಂದಂಚುಗಳಲ್ಲಿ ನಡುವಿನಿಂದ ಹೊರಗೆ ಹೋಗುತ್ತ ಅಂಚೆಲ್ಲ ಮುಚ್ಚಬೇಕು. ಈ ಹಂತದಲ್ಲಿ ಹಾಳೆ ಮೂರು ದಿನ ಉಟ್ಟ ಸೀರೆಯಂತೆ ಸುಕ್ಕುಸುಕ್ಕಾಗಿಯೇ ಇರುತ್ತದೆ. ನನ್ನ ಕೈ ಸುಮ್ಮನಿರದು. ಎಳೆದೆಳೆದು ಸುಕ್ಕು ತೆಗೆಯಲು ನೋಡುತ್ತಿದ್ದೆ. 'ಎಳೀಬ್ಯಾಡಬೇ, ಈಗ ಸುಕ್ಕು ಇರಲಿ. ಅಂಚು ಗಟ್ಟಿ ಹಿಡದಿದ್ರ ಸಾಕು' ಎನ್ನುತ್ತಿದ್ದ.

ಅಂಚೆಲ್ಲ ಹಿಡಿದ ಮೇಲೆ ಎರಡು ಚುಕ್ಕಿ. ಪೆಟ್ಟಿಗೆಯನ್ನು ಒತ್ತಬಾರದು, ಸವರಿದಂತೆ ಸಾಗಿಸಬೇಕು. ಬೆನ್ನಿಗೆ ಸ್ವಲ್ಪ, ಮಗುಚಿ ಹೊಟ್ಟೆಗೆ ಸ್ವಲ್ಪ, ಮತ್ತೆ ಬೆನ್ನಿಗೆ. ಒಂದೇ ಬದಿಗೆ ಬಿಸಿ ಕೊಡುತ್ತ ಹೋದರೆ ಆ ಬದಿ ಬಿಗಿದು ರೆಕ್ಕೆಯೇ ತಿರುಚಿಕೊಳ್ಳುತ್ತದೆ. ನಾನು ಕನ್ನಡ ಕಲಿಸುವವಳು, ಉಪಮೆ ಕಂಡಲ್ಲಿ ಬಿಟ್ಟವಳಲ್ಲ. ಆ ಹೊತ್ತಿಗೆ ಮಾತ್ರ ಬಾಯಿ ಮುಚ್ಚಿಕೊಂಡೆ. ಎಡ ರೆಕ್ಕೆ ಬಿಗಿದಾಗ ಬೆರಳಿಂದ ತಟ್ಟಿ ನೋಡಿದೆ. ದಿಮ್ಮಿಯ ಚರ್ಮದ ಹಾಗೆ ಸದ್ದು ಬಂತು.

ಬಲ ರೆಕ್ಕೆ ಕೆಡಿಸಿದವಳು ನಾನು. ಅದರ ಅಂಚುಗಳನ್ನು ಹಿಡಿಸಿಟ್ಟು ಅವನು ಬ್ಯಾಟರಿಗೆಂದು ಕೊಪ್ಪಳಕ್ಕೆ ಹೋಗಿದ್ದ. ರವಿವಾರ. ಬರುವಷ್ಟರಲ್ಲಿ ಬಿಗಿದು ಇಟ್ಟರೆ ಖುಷಿಪಟ್ಟಾನು ಎಂದು ಕೂತೆ. ಕೈ ಚೆನ್ನಾಗಿಯೇ ಓಡಿತು. ಬೆನ್ನೆಲ್ಲ ಕನ್ನಡಿಯಾಯಿತು. ತುದಿಯಲ್ಲಿ ಒಂದು ಸುಕ್ಕು ಮಾತ್ರ ಹೋಗಲೊಲ್ಲದು. ಮಗುಚಿ ಹೊಟ್ಟೆ ನೋಡಬೇಕೆಂಬುದು ಮರೆತು, ಗುಂಡಿಯನ್ನು ಮೂರಕ್ಕೆ ತಿರುಗಿಸಿ ಆ ಸುಕ್ಕಿನ ಮೇಲೆ ಪೆಟ್ಟಿಗೆ ಒತ್ತಿದೆ. ಚುರ್ ಎಂದಿತು. ಎಂಟಾಣೆ ಅಗಲದ ತೂತು. ಗಾಬರಿಯಾಗಿ ರೆಕ್ಕೆಯನ್ನು ಮೇಜಿನ ಮೇಲಿಟ್ಟರೆ ಹಿಂದಂಚಿನ ಮೂಲೆ ಬೆರಳುದ್ದ ಮೇಲೆದ್ದು ನಿಂತಿತು.

ತೂತಿಗೆ ನಾನು ಅಂಜಲಿಲ್ಲ. ಆ ಕೋಣೆಯ ಬಾಗಿಲು ಒಳಗಿನಿಂದ ಮತ್ತೆ ಮುಚ್ಚಿಕೊಂಡೀತು ಎಂದು ಅಂಜಿದೆ. ಒಲೆ ಹಚ್ಚಲಿಲ್ಲ, ಅಲ್ಲೇ ಕೂತಿದ್ದೆ. ಅವನು ಬಂದ, ನೋಡಿದ, ಚೀಲ ಕೆಳಗಿಟ್ಟ. 'ಎಷ್ಟನೇ ಚುಕ್ಕಿಗೆ ಇಟ್ಟಿದ್ದಿ?' ಎಂದು ಕೇಳಿದ. 'ಮೂರು' ಎಂದೆ, ಪಾಠ ಒಪ್ಪಿಸದ ಹುಡುಗಿಯ ಹಾಗೆ. ಅವನು ನನ್ನ ಪಕ್ಕದಲ್ಲಿ ಕೂತ. ಹಾಸ್ಟೆಲಿನಲ್ಲಿ ಮೊದಲ ರೆಕ್ಕೆಯನ್ನು ತಾನೂ ಹೀಗೇ ಸುಟ್ಟಿದ್ದೆನೆಂದ. ಆಮೇಲೆ ತೂತಿನ ಅಂಚನ್ನು ಉಗುರಿನಿಂದ ಕೆರೆಯುತ್ತ, 'ನಾಲ್ಕು ಸಬ್ಜೆಕ್ಟಿನ್ಯಾಗ ಎರಡಕ್ಕ ನಾ ಕುಂತೇ ಇರಲಿಲ್ಲಬೇ' ಎಂದ. ಪರೀಕ್ಷೆಯ ದಿನ ಹಾಲಿನ ಬಾಗಿಲವರೆಗೆ ಹೋಗಿ, ಕೈಕಾಲು ತಣ್ಣಗಾಗಿ, ವಾಪಸು ಬಂದು ಬಸ್‌ಸ್ಟ್ಯಾಂಡಿನಲ್ಲಿ ಮೂರು ತಾಸು ಕೂತಿದ್ದನಂತೆ. ಎರಡು ಸಲವೂ. ಇಪ್ಪತ್ತೆಂಟು ವರ್ಷ ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಣೆ ಮಾಡಿದವಳು ನಾನು. ಖಾಲಿ ಬೆಂಚಿನ ಮುಂದೆ ನಿಂತು 'ಗೈರುಹಾಜರು' ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದೆ ಹೋಗಿದ್ದೇನೆ. ಆ ಹುಡುಗರು ಆ ಹೊತ್ತಿಗೆ ಎಲ್ಲಿ ಕೂತಿರುತ್ತಾರೆಂದು ಒಂದು ಸಲವೂ ಯೋಚಿಸಿರಲಿಲ್ಲ. ಅಂದು ರಾತ್ರಿ ಹನ್ನೊಂದರವರೆಗೆ ಮಾತಾಡಿದೆವು. ಅವಲಕ್ಕಿ ತಿಂದು ಮಲಗಿದೆವು.

ತೂತಿಗೆ ಅದೇ ಹಳದಿಯ ಒಂದು ತೇಪೆ ಹಾಕಿದ. ತೇಪೆ ದುಂಡಗೆ ಇರಬೇಕು, ಮೂಲೆಗಳಿದ್ದರೆ ಅಲ್ಲಿಂದ ಏಳುತ್ತದೆ. ತಿರುಚಿದ ರೆಕ್ಕೆಯದೇ ಕಷ್ಟ. ಹಾಗೇ ಬಿಟ್ಟರೆ ವಿಮಾನ ಹಾರಿದೊಡನೆ ಒಂದು ಬದಿಗೆ ಉರುಳುತ್ತದೆ. ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ತಿರುಚಿ ಹಿಡಿಯಬೇಕು. ಇನ್ನೊಬ್ಬರು ಎರಡೂ ಬದಿಗೆ ಬಿಸಿ ಕೊಡಬೇಕು. ತಣ್ಣಗಾಗುವವರೆಗೆ ಹಿಡಿದವರು ಕೈ ಬಿಡಬಾರದು. ಅಂದರೆ ನಾಲ್ಕು ಕೈ ಬೇಕು. ನಾನು ಹಿಡಿದೆ. ಸ್ವಲ್ಪ ಹೊತ್ತಿಗೆ 'ನನ್ನ ಮಣಿಕಟ್ಟು ನೋಯ್ತೈತಿ' ಎಂದು ಪಡಸಾಲೆಗೆ ಕೇಳುವಂತೆ ಹೇಳಿದೆ. ನೋವೇನೂ ಇರಲಿಲ್ಲ. ಪಡಸಾಲೆಯಲ್ಲಿ ನಮ್ಮವರು ಪೇಪರು ಓದುತ್ತಿದ್ದರು. 'ಒಂದೀಟು ಬಂದು ಹಿಡೀರಿ' ಎಂದೆ.

ಬಂದರು. ಪೇಪರನ್ನು ಬಗಲಲ್ಲಿಟ್ಟುಕೊಂಡೇ ಬಂದು, ಆಮೇಲೆ ಅದನ್ನು ಕೆಳಗಿಟ್ಟು ಹಿಡಿದರು. ಮಗ ಇಸ್ತ್ರಿಪೆಟ್ಟಿಗೆ ಎತ್ತಿದ.

'ಇಷ್ಟು ಸಾಕಾ?'

'ಇನ್ನೊಂಚೂರು.'

'ಮುರೀತೈತಿ.'

'ಮುರಿಯಂಗಿಲ್ಲ. ಹಿಡಕೊಂಡಿರು.'

ಐದು ವಾರಗಳಲ್ಲಿ ಅವರಿಬ್ಬರ ನಡುವೆ ನೇರವಾಗಿ ನಡೆದ ಸಂಭಾಷಣೆ ಇಷ್ಟೇ. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸಪ್ಪಳ ಮಾಡುತ್ತ ನಿಂತೆ. ಮೂರು ಸಲ ಬಿಸಿ ಕೊಟ್ಟು ಮೂರು ಸಲ ತಣಿಸಿದ ಮೇಲೆ ರೆಕ್ಕೆ ಮೇಜಿನ ಮೇಲೆ ಸಪಾಟಾಗಿ ಕೂತಿತು. ಪಿಟೀಲಿನ ತಂತಿ ಬಿಗಿಯುವವರಂತೆ ಇಬ್ಬರೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಅಂಚನ್ನು ನೋಡುತ್ತಿದ್ದರು. ಮರುದಿನ ಸೊಸೈಟಿಗೆ ಹೊರಟ ನಮ್ಮವರು ಚಪ್ಪಲಿ ಮೆಟ್ಟುತ್ತ, ಗೋಡೆಗೆ ಹೇಳಿದಂತೆ, 'ಬಾಲಾ ಯಾವಾಗ ಹೊದಸ್ತಾನ?' ಎಂದರು. ಈ ಟಪಾಲನ್ನು ನಾನು ಒಯ್ಯಲಿಲ್ಲ. 'ಅವನ್ನೇ ಕೇಳ್ರಿ' ಎಂದೆ.

ಹಾರಿಸಿದ್ದು ಏಪ್ರಿಲ್ ಮೊದಲ ವಾರ, ಕಡಲೆ ಕಿತ್ತು ಖಾಲಿಯಾದ ನಮ್ಮ ಹೊಲದಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ. ಬಿಸಿಲೇರಿದರೆ ಎರೆಹೊಲದ ಮೇಲೆ ಸುಳಿಗಾಳಿ ಏಳುತ್ತದೆ. ದನ ಬಿಡಲು ಬಂದ ನಾಲ್ಕಾರು ಹುಡುಗರು 'ಔಷಧ ಹೊಡಿಯೋ ಡ್ರೋನ್ ಏನ್ರಿ ಅಕ್ಕೋರ?' ಎಂದು ಕೇಳಿಕೊಂಡು ನಿಂತರು. ಮಗ ರಿಮೋಟು ಹಿಡಿದ. ನಮ್ಮವರು ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಓಡಿ ಬಿಟ್ಟರು. ಅರವತ್ತಕ್ಕೆ ಹತ್ತಿರದ ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದು ಒಮ್ಮೆ ತಗ್ಗಿ, ಆಮೇಲೆ ಎದ್ದಿತು. ತಿರುಗಿ ನಮ್ಮ ತಲೆಯ ಮೇಲೆ ಬಂದಾಗ ಎಳೆಬಿಸಿಲಿಗೆ ಹೊಟ್ಟೆಯ ಕೆಂಪು, ಎರಡು ಬಿಳಿ ಪಟ್ಟಿ ಸ್ಪಷ್ಟವಾಗಿ ಕಂಡವು. ನಮ್ಮವ್ವ ಆ ಸೀರೆ ಉಟ್ಟು ಸಂತೆಗೆ ಹೋಗುತ್ತಿದ್ದಳು. ನಾನು ಕಣ್ಣಿಗೆ ಅಡ್ಡ ಹಿಡಿದ ಕೈಯನ್ನು ತೆಗೆಯಲಿಲ್ಲ. ಬಿಸಿಲು ಅಷ್ಟೇನೂ ಇರಲಿಲ್ಲ.

ಮೂರು ನಿಮಿಷ ಹಾರಿ, ಇಳಿಯುವಾಗ ಸಾಲಿನಲ್ಲಿ ಮೂತಿ ಹೂತು ಮುಂದಿನ ಪಂಕ ಮುರಿಯಿತು. ಬಲ ರೆಕ್ಕೆಯ ತುದಿ ಹರಿಯಿತು. ಎಲ್ಲರೂ ಓಡಿದೆವು. ಮಗ ಮುರಿದದ್ದನ್ನು ನೋಡುತ್ತಿದ್ದರೆ ನಮ್ಮವರು, 'ಒಂದ್ಕಡೆ ಎಳೀಲಿಲ್ಲ ನೋಡು' ಎಂದರು, ನೇರವಾಗಿ ಅವನಿಗೇ.

ಆ ವರ್ಷ ಪರೀಕ್ಷೆಗೆ ನಮ್ಮವರೇ ಅವನ ಸಂಗಡ ಹೋಗಿ ಹಾಲಿನ ಗೇಟಿನ ಹೊರಗೆ ಕೂತು ಬಂದರು. ನಾಲ್ಕರಲ್ಲಿ ಮೂರು ಪಾಸಾದವು. ಹರಿವಿನ ಲೆಕ್ಕಕ್ಕೆ ಇನ್ನೂ ಒಂದು ವರ್ಷ ಬೇಕಾಯಿತು. ಈಗ ಅವನು ಪುಣೆಯಲ್ಲಿ ಯಾವುದೋ ಪಂಪು ತಯಾರಿಸುವ ಕಾರಖಾನೆಯಲ್ಲಿದ್ದಾನೆ.

ವಿಮಾನ ನಮ್ಮ ಪಡಸಾಲೆಯ ಜಂತಿಗೆ ತೂಗುಹಾಕಿದೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಲ ರೆಕ್ಕೆಯ ಮೇಲೇ ಬೀಳುವುದರಿಂದ ಪ್ರತಿ ಬೇಸಿಗೆಯಲ್ಲಿ ಅಲ್ಲಿ ಫಿಲ್ಮು ಸಡಿಲಾಗಿ ಸುಕ್ಕು ಬರುತ್ತದೆ. ಅವನು ರಜಕ್ಕೆ ಬರುವ ಹಿಂದಿನ ದಿನ ನಾವಿಬ್ಬರೂ ಅದನ್ನು ಇಳಿಸುತ್ತೇವೆ. ನಮ್ಮವರು ರೆಕ್ಕೆ ಹಿಡಿಯುತ್ತಾರೆ, ನಾನು ಪೆಟ್ಟಿಗೆಗೆ ಕಾಲುಚೀಲ ತೊಡಿಸಿ ಬೆನ್ನಿಗೊಮ್ಮೆ ಹೊಟ್ಟೆಗೊಮ್ಮೆ ಸವರುತ್ತೇನೆ. ಹೋದ ತಿಂಗಳು ಹಾಗೆ ಮಾಡುತ್ತಿದ್ದಾಗ ಅವನ ಫೋನು ಬಂತು. ಏನು ಮಾಡುತ್ತಿದ್ದೀ ಎಂದು ಕೇಳಿದ, ಹೇಳಿದೆ.

'ಎಷ್ಟನೇ ಚುಕ್ಕಿ?' ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, ರೆಕ್ಕೆ ಬಿಡದೆ, ಫೋನಿಗೆ ಕೇಳುವಂತೆ ಕೂಗಿದರು, 'ಎರಡು!'